ಗಡುವು ಹಾಕಿ ಕಟ್ಟಿದ ನೋತ್ರ್ ದಾಮ್: ಪರ-ವಿರೋಧ

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲಿನ ಸೂರು ಹೊತ್ತಿ ಉರಿದು, ಶಿಖರ ಕುಸಿಯಿತು. ಐದು ವರ್ಷಗಳಲ್ಲಿ ಮತ್ತೆ ಕಟ್ಟುವುದಾಗಿ ಅಧ್ಯಕ್ಷ ಮ್ಯಾಕ್ರೋನ್ ಮರುದಿನವೇ ಘೋಷಿಸಿದರು. ಜುಲೈ 29ರ ಕಾಯಿದೆಯು ಈ ಕಾರ್ಯಕ್ಕೆಂದೇ ಪ್ರತ್ಯೇಕ ಸಾರ್ವಜನಿಕ ಸಂಸ್ಥೆಗೆ ದಾರಿ ಮಾಡಿಕೊಟ್ಟಿತು. ನಗರ ಯೋಜನೆ, ಪರಿಸರ, ಗುತ್ತಿಗೆ ಹಾಗೂ ಪುರಾತತ್ವದ ನಿಯಮಗಳಿಂದ ವಿನಾಯಿತಿ ನೀಡಲು ಸರ್ಕಾರಕ್ಕೆ ಅಧಿಕಾರವನ್ನೂ ಕೊಟ್ಟಿತು. ಸುಟ್ಟ ಸ್ಮಾರಕವೊಂದನ್ನು ಹೀಗೆ ಒಂದೇ ಕೈಗೆ ಒಪ್ಪಿಸಿ, ಗಡುವು ವಿಧಿಸಿ ಕಟ್ಟಿಸುವುದು ಸರಿಯೇ?

ಪರ

ಬೆಂಕಿ ಆರಿದ ಮೇಲೂ ಅಪಾಯ ಮುಗಿದಿರಲಿಲ್ಲ. ಶಿಖರದ ದುರಸ್ತಿಗೆಂದು ಮೊದಲೇ ನಿಲ್ಲಿಸಿದ್ದ ಸಾರುವೆಯ ಸುಮಾರು 40,000 ಕೊಳವೆಗಳು ಶಾಖಕ್ಕೆ ಬಾಗಿ, ಒಂದಕ್ಕೊಂದು ಬೆಸೆದುಕೊಂಡು ಕಮಾನುಗಳ ನೆತ್ತಿಯ ಮೇಲೆ ತೂಗುತ್ತಿದ್ದವು. ಅವನ್ನು ಕತ್ತರಿಸಿ ಇಳಿಸಲು 2020ರ ಜೂನ್‌ನಿಂದ ನವೆಂಬರ್‌ವರೆಗೆ ಹಿಡಿಯಿತು. ಅವು ಇಳಿಯದ ಹೊರತು ಕಮಾನುಗಳ ಸ್ಥಿತಿಯನ್ನು ಪೂರ್ತಿ ಅರಿಯುವಂತಿರಲಿಲ್ಲ, ಉರಿದ ಸೂರಿನ ಸೀಸದ ಹೊದಿಕೆಯಿಂದ ಹರಡಿದ್ದ ಧೂಳು ತೊಳೆಯದೆ ಕಲ್ಲುಕುಟಿಗರನ್ನು ಒಳಗೆ ಬಿಡುವಂತಿರಲಿಲ್ಲ, ಕಲ್ಲು ಭದ್ರವಾಗದೆ ಅದರ ಮೇಲೆ ಮರ ಹೊರಿಸುವಂತಿರಲಿಲ್ಲ. ಸುಮಾರು 250 ಸಂಸ್ಥೆಗಳು ದುಡಿಯುವ ಇಂಥ ಜಾಗದಲ್ಲಿ ಯಾರ ಸರದಿ ಯಾವಾಗ ಎಂಬುದನ್ನು ಯಾರಾದರೊಬ್ಬರು ನಿರ್ಧರಿಸಲೇಬೇಕು. ನಿವೃತ್ತ ಜನರಲ್ ಜಾನ್ ಲೂಯಿ ಜಾರ್ಜೆಲಾನ್ ಅವರನ್ನು ಸಂಸ್ಥೆಯ ಮುಖ್ಯಸ್ಥರನ್ನಾಗಿ ಮಾಡಿದಾಗ ಹಲವರು ಹುಬ್ಬೇರಿಸಿದರು. ಆದರೆ 2023ರ ಆಗಸ್ಟ್‌ನಲ್ಲಿ ಅವರು ಪರ್ವತದಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡ ಬಳಿಕವೂ, ಫಿಲಿಪ್ ಜೋಸ್ತ್ ಅವರ ಕೈಯಲ್ಲಿ ಕೆಲಸ ತಪ್ಪದೆ ಸಾಗಿತು.

ಗಡುವು ರಾಜಕಾರಣಿಯದಾಗಿರಬಹುದು, ಅದರ ತುರ್ತು ಮರದ್ದೂ ಹೌದು. ಶಿಖರಕ್ಕೆ ಬೇಕಾದ ಸುಮಾರು ಸಾವಿರ ಓಕ್ ಮರಗಳನ್ನು 2021ರ ವಸಂತದಲ್ಲಿ ರಸವೇರುವ ಮೊದಲೇ ಕಡಿದು, ಸೀಳಿ, ತಿಂಗಳುಗಟ್ಟಲೆ ಒಣಗಿಸಬೇಕಿತ್ತು. ಆ ಚಳಿಗಾಲ ತಪ್ಪಿದ್ದರೆ ಕಡಿತಕ್ಕಾಗಿ ಇನ್ನೊಂದು ಚಳಿಗಾಲ ಕಾಯಬೇಕಿತ್ತು. 3,40,000 ದಾನಿಗಳು ಕೊಟ್ಟ 84.6 ಕೋಟಿ ಯೂರೋಗಳಿಗೆ ಲೆಕ್ಕ ಕೇಳಲು ಒಂದೇ ಬಾಗಿಲು ಇದ್ದದ್ದೂ ಸಣ್ಣ ಮಾತಲ್ಲ. 2024ರ ಡಿಸೆಂಬರ್ 7ರಂದು ಕೆಥೆಡ್ರಲ್ ಮತ್ತೆ ತೆರೆಯಿತು.

ವಿರೋಧ

ರೋಗನಿದಾನಕ್ಕೆ ಮುನ್ನವೇ ಗುಣವಾಗುವ ದಿನವನ್ನು ಹೇಳಿದ್ದೇ ಮೊದಲ ತಪ್ಪು. ಅವಸರ ಬೇಡವೆಂದು ಸಾವಿರಕ್ಕೂ ಹೆಚ್ಚು ತಜ್ಞರು 2019ರ ಏಪ್ರಿಲ್‌ನಲ್ಲೇ ಬಹಿರಂಗ ಪತ್ರ ಬರೆದರು. ಜುಲೈ ಕೊನೆಗೆ, ಕಾರ್ಮಿಕರಿಗೆ ಸೀಸದಿಂದ ತಕ್ಕ ರಕ್ಷಣೆ ಇಲ್ಲವೆಂದು ಕೆಲಸವನ್ನೇ ವಾರಗಟ್ಟಲೆ ನಿಲ್ಲಿಸಬೇಕಾಯಿತು. ಬಿಟ್ಟ ಹೆಜ್ಜೆಗೆ ಮತ್ತೆ ಹಿಂದಿರುಗಿದ್ದು ಎಂದರೆ ಇದೇ.

2022ರಲ್ಲಿ ಹೊಸ ಸಾರುವೆ ನಿಲ್ಲಿಸುವ ಮುನ್ನ ನೆಲ ಅಗೆದಾಗ ಸೀಸದ ಶವಪೆಟ್ಟಿಗೆಗಳೂ, ಬಣ್ಣ ಉಳಿದಿದ್ದ ಮಧ್ಯಯುಗದ ಶಿಲ್ಪದ ತುಣುಕುಗಳೂ ಸಿಕ್ಕವು. ಅಗೆತಕ್ಕೆ ಒಂದಿಷ್ಟು ಸಮಯ ಹೆಚ್ಚಿಸಿಕೊಟ್ಟರು, ನಿಜ. ಆದರೆ ಎಲ್ಲಿ ಅಗೆಯಬೇಕು, ಎಷ್ಟು ಆಳಕ್ಕೆ ಎಂಬುದಕ್ಕೆ ಅಳತೆಯಾದದ್ದು ಇತಿಹಾಸದ ಪ್ರಶ್ನೆಯಲ್ಲ, ಸಾರುವೆಯ ಅಗತ್ಯ. ಶತಮಾನಗಳಿಗೊಮ್ಮೆ ತೆರೆಯುವ ನೆಲಕ್ಕೆ ಇದು ತೀರಾ ಕಿರಿದಾದ ಅಳತೆ.

ಸಮಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನಲ್ಲೇ ಉತ್ತರವಿದೆ. 1914ರಲ್ಲಿ ಯುದ್ಧದ ಬೆಂಕಿಗೆ ಸಿಕ್ಕ ರಾನ್ಸ್ ಕೆಥೆಡ್ರಲ್ 1938ರಲ್ಲಿ ಪೂರ್ತಿ ತೆರೆಯಿತು. ಆ ಅವಧಿಯಲ್ಲಿ ವಾಸ್ತುಶಿಲ್ಪಿ ಆನ್ರಿ ದೆನೂ ಮರದ ಬದಲು ಬಲವರ್ಧಿತ ಕಾಂಕ್ರೀಟಿನ, ಬೆಂಕಿಗೆ ಹೆದರದ ಚಾವಣಿಯನ್ನೇ ರೂಪಿಸಿದರು. ಇಪ್ಪತ್ತನಾಲ್ಕು ವರ್ಷ ಕಾಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನೋತ್ರ್ ದಾಮ್‌ನಲ್ಲಿ ಓಕ್ ಮತ್ತು ಸೀಸಕ್ಕೇ ಮರಳುವ ತೀರ್ಮಾನ 2020ರ ಜುಲೈನಲ್ಲಿ ಆದಾಗ, ಬೇರೆ ದಾರಿಗಳ ಚರ್ಚೆಗೆ ಕ್ಯಾಲೆಂಡರಿನಲ್ಲಿ ಜಾಗ ಉಳಿದಿರಲಿಲ್ಲ.

ಎಲ್ಲಕ್ಕಿಂತ ಕಸಿವಿಸಿಯ ಸಂಗತಿ ಕಿಟಕಿಗಳದು. ದಕ್ಷಿಣದ ಆರು ಉಪಗುಡಿಗಳಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಕೆಥೆಡ್ರಲನ್ನು ಜೀರ್ಣೋದ್ಧಾರ ಮಾಡಿದ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಕಾಲದ ಗಾಜುಗಳು ಬೆಂಕಿಯಿಂದ ಕೆಡದೆ ಉಳಿದಿದ್ದವು. ಅವನ್ನು ತೆಗೆದು ಹೊಸತನ್ನು ಕೂರಿಸುವ ಅಧ್ಯಕ್ಷರ ಯೋಜನೆಯನ್ನು ರಾಷ್ಟ್ರೀಯ ಪರಂಪರೆ ಮತ್ತು ವಾಸ್ತುಶಿಲ್ಪ ಆಯೋಗ 2024ರ ಜುಲೈನಲ್ಲಿ ಒಮ್ಮತದಿಂದ ತಿರಸ್ಕರಿಸಿತು. ಅದೇ ಡಿಸೆಂಬರ್‌ನಲ್ಲಿ ಹೊಸ ಗಾಜುಗಳಿಗೆ ಕಲಾವಿದೆಯನ್ನು ಆರಿಸಲಾಯಿತು.