ನಡುರಾತ್ರಿ ಒಂದೇ ಬೆಲ್ಲು

ಪ್ಯಾರಿಸ್ಸಲ್ಲಿ ನಾನು ಬಾಡಿಗೆಗಿದ್ದ ರೂಮಲ್ಲಿ ಒಂದು ಫೈರ್‌ಪ್ಲೇಸ್ ಇತ್ತು, ಬೆಂಕಿ ಹಾಕೋ ಹಾಗಿರ್ಲಿಲ್ಲ, ಚಿಮಣಿ ಯಾವ ಕಾಲದಲ್ಲೋ ಮುಚ್ಚಿಬಿಟ್ಟಿದ್ರು. ಅದರ ಮೇಲಿನ ಕಲ್ಲುಹಲಗೆಯಲ್ಲಿ ಓನರ್ ಅಜ್ಜಿಯ ಗಡಿಯಾರ ಕೂತಿತ್ತು. ಕೆಳಗೆ ಬಿಳಿ ಮಾರ್ಬಲ್ ಪೀಠ, ಮೇಲೆ ಚಿನ್ನದ ಬಣ್ಣದ ಹೆಂಗಸೊಬ್ಬಳು ಒರಗಿಕೊಂಡು ಏನೋ ಓದ್ತಿದಾಳೆ, ಪಕ್ಕದಲ್ಲಿ ರೆಕ್ಕೆ ಇರೋ ಮಗು, ಹೂವಿನ ಬುಟ್ಟಿ, ಇಷ್ಟೆಲ್ಲ ಆದ್ಮೇಲೆ ಜಾಗ ಉಳಿದಿದ್ರೆ ಇರ್ಲಿ ಅಂತ ಅಂಗೈ ಅಗಲದ ಡಯಲ್ಲು. ಮದ್ವೆಮನೆ ಗದ್ದಲದಲ್ಲಿ ಗಂಡು ಯಾರು ಅಂತ ಹುಡುಕೋ ಹಾಗೆ ಟೈಮ್ ಹುಡುಕ್ಬೇಕು. ಅಂಕಿಗಳು ರೋಮನ್, ಆದ್ರೆ ನಾಲ್ಕು ಅಂತ ಬರೆಯೋಕೆ IV ಬದಲು ನಾಲ್ಕು ಕಡ್ಡಿ ಸಾಲಾಗಿ ನಿಲ್ಲಿಸಿದ್ರು.

ಗಿಲೀಟು ಅಂದ್ರೆ ನಮಗೆ ಜಾತ್ರೆಯ ಸರ, ಎರಡು ಸಲ ಬೆವರಿದ್ರೆ ಕಪ್ಪು. ಇದು ಆ ಥರದ್ದಲ್ಲ. ಅಸಲಿ ಚಿನ್ನವನ್ನ ಪಾದರಸದ ಜೊತೆ ಕಲಸಿ ಬೆಣ್ಣೆ ಥರ ಮಾಡಿ, ಕಂಚಿಗೆ ಬಳಿದು ಕೆಂಡದ ಮೇಲೆ ಕಾಯಿಸ್ತಿದ್ರು, ಪಾದರಸ ಹೊಗೆಯಾಗಿ ಹೋಗುತ್ತೆ, ಚಿನ್ನ ಕಚ್ಕೊಂಡು ಉಳಿಯುತ್ತೆ. ಆಮೇಲೆ ಕೆಲವು ಕಡೆ ಮಾತ್ರ ಅಗೇಟ್ ಕಲ್ಲಲ್ಲಿ ಉಜ್ಜೋದು, ಅದಕ್ಕೇ ಆ ಹೆಂಗಸಿನ ಸೀರೆಯಂಥ ಬಟ್ಟೆ ಮಂಕು, ತೋಳು ಮಾತ್ರ ಫಳಫಳ. ಆದ್ರೆ ಹೊಗೆ ಹೋಗಿದ್ದೆಲ್ಲಿಗೆ, ಕೆಲಸದವನ ಮೂಗಿಗೇ ತಾನೇ. ಕೈಕಾಲು ನಡುಕ ಬಂದು ಸಾಯ್ತಿದ್ರು ಪಾಪ. ಇಂಥದ್ದೇ ಕಂಚಿನ ಸಾಮಾನು ಮಾಡಿಸಿ ಹೆಸರು ಮಾಡಿದ ರಾವ್ರಿಯೋ ಅನ್ನೋನು 1814ರಲ್ಲಿ ಸಾಯೋವಾಗ, ಈ ವಿಷದಿಂದ ಕೆಲಸಗಾರರನ್ನ ಉಳಿಸೋ ಉಪಾಯ ಹೇಳಿದವ್ರಿಗೆ ಅಂತ 3000 ಫ್ರಾಂಕ್ ಬರೆದಿಟ್ಟ. ದಾರ್ಸೆ ಅನ್ನೋ ಕೆಮಿಸ್ಟು ಹೊಗೆ ಮೇಲಕ್ಕೆ ಎಳ್ಕೊಳ್ಳೋ ಒಲೆ ಮಾಡಿ 1818ರಲ್ಲಿ ಆ ದುಡ್ಡು ಗೆದ್ದ. ಅಂದ್ರೆ ಒಂದು ಒಳ್ಳೇ ಚಿಮಣಿ, ಅಷ್ಟೇ.

ಒಂದಿನ ಧೂಳು ಒರೆಸೋಕೆ ಹೋಗಿ ಗಡಿಯಾರ ಸ್ವಲ್ಪ ಸರಿಸಿದೆ, ಟಿಕ್‌ಟಾಕ್ ಅನ್ನೋದು ಕುಂಟೋಕೆ ಶುರುವಾಯ್ತು, ಹತ್ತು ನಿಮಿಷಕ್ಕೆ ನಿಂತೇಬಿಡ್ತು. ಅಜ್ಜಿ ಬಂದು ಬೈಲಿಲ್ಲ. ಮೆಟ್ರೋ ಟಿಕೆಟ್ ಒಂದನ್ನ ಮಡಚಿ ಪೀಠದಡಿ ಒಂದು ಮೂಲೆಗೆ ತುರುಕಿ, ಪೆಂಡುಲಮ್ ತಟ್ಟಿ, ಕಣ್ಣು ಮುಚ್ಕೊಂಡು ಕೇಳಿದ್ರು. ಟಿಕ್ಕಿಗೂ ಟಾಕಿಗೂ ನಡುವಿನ ಹೊತ್ತು ಸಮ ಆಗೋವರೆಗೂ ಟಿಕೆಟ್ ಒಂದು ನೂಲು ಒಳಗೆ, ಒಂದು ನೂಲು ಹೊರಗೆ. ತಂಬೂರಿ ಶ್ರುತಿ ಮಾಡೋದು ನೆನಪಾಯ್ತು ನಂಗೆ.

ಎಂಟು ದಿನಕ್ಕೊಂದ್ ಸಲ ಕೀ ಕೊಡೋ ಕೆಲಸ ಆಮೇಲೆ ನಂದಾಯ್ತು. ಮಾರ್ಚಲ್ಲಿ, ಬೇಸಿಗೆ ಟೈಮ್ ಅಂತ ಅಲ್ಲಿ ಎಲ್ರೂ ಗಡಿಯಾರ ಒಂದು ಗಂಟೆ ಮುಂದಿಡೋ ಭಾನುವಾರ, ಅರ್ಜೆಂಟಲ್ಲಿ, ನಡುವೆ ಬೆಲ್ ಹೊಡೆಯೋಕೂ ಬಿಡದೆ ಮುಳ್ಳು ತಿರುಗಿಸಿಬಿಟ್ಟೆ. ಅವತ್ತಿಂದ ಮುಳ್ಳು ಹತ್ತು ಅಂದ್ರೆ ಬೆಲ್ಲು ಒಂಬತ್ತು. ಒಳಗಡೆ ಎಷ್ಟು ಬಾರಿಸ್ಬೇಕು ಅನ್ನೋ ಲೆಕ್ಕ ಕಚ್ಚು ಇರೋ ಬೇರೆ ಗಾಲಿದು, ಮುಳ್ಳು ಎಲ್ಲಿದೆ ಅಂತ ಅದಕ್ಕೆ ಗೊತ್ತೇ ಆಗಲ್ಲ, ಒಂದೇ ಮನೇಲಿದ್ದೂ ಮಾತು ಬಿಟ್ಟ ಅತ್ತೆ ಸೊಸೆ ಥರ.

ಸರಿ ಇದ್ದಾಗ್ಲೂ ಏನು ಮಹಾ ಬಿಡಿ. ಅರ್ಧ ಗಂಟೆಗೂ ಒಂದು ಬೆಲ್ಲು, ಒಂದು ಗಂಟೆಗೂ ಒಂದೇ. ರಾತ್ರಿ ಎಚ್ಚರ ಆಗಿ ಒಂದು ಬೆಲ್ ಕೇಳಿದ್ರೆ ಹನ್ನೆರಡೂವರೆನೋ, ಒಂದೋ, ಒಂದೂವರೆನೋ, ದೇವರಿಗೇ ಗೊತ್ತು. ಫೋನು ಕೈಗೆ ಎಟುಕೋ ಹಾಗೇ ಇತ್ತು, ಆದ್ರೂ ನೋಡದೆ ಮುಂದಿನ ಬೆಲ್ಲಿಗೆ ಕಾಯ್ತಾ ಮಲಗಿರ್ತಿದ್ದೆ, ಅದು ಹೊಡೆಯೋ ಹೊತ್ತಿಗೆ ನಿದ್ದೆ ಬಂದಿರ್ತಿತ್ತು.