ಗೆಲುವೂ ಅಲ್ಲ, ಸೋಲೂ ಅಲ್ಲ ಎಂದ ಕಲ್ಲು

ಮೆಕ್ಸಿಕೊ ನಗರದ ತ್ಲಾತೆಲೋಲ್ಕೊ ಬಡಾವಣೆಯಲ್ಲಿ ಮೂರು ಸಂಸ್ಕೃತಿಗಳ ಚೌಕ ಎಂಬ ಹೆಸರಿನ ಬಯಲಿದೆ. ಒಂದು ಮಗ್ಗುಲಿಗೆ ಮೆಶಿಕಾ (ಅಜ್ಟೆಕ್) ಜನರ ದೇಗುಲಗಳ ಅಡಿಪಾಯ, ಅದಕ್ಕೆ ತಾಗಿಕೊಂಡು ಆ ದೇಗುಲಗಳ ಕಲ್ಲಿನಿಂದಲೇ ಸ್ಪೇನಿನವರು ಕಟ್ಟಿಸಿದ ಸಾಂತಿಯಾಗೊ ಚರ್ಚು, ಸುತ್ತಲೂ 1960ರ ದಶಕದ ಬಹುಮಹಡಿ ವಸತಿ ಕಟ್ಟಡಗಳು. ಅಲ್ಲಿನ ಶಿಲಾಫಲಕವೊಂದು ಹೀಗೆ ಹೇಳುತ್ತದೆ: (ಮೆಶಿಕಾ ಅರಸ) ಕ್ವಾವ್ತೆಮೋಕನು ವೀರಾವೇಶದಿಂದ ಕಾಪಾಡಿದ ತ್ಲಾತೆಲೋಲ್ಕೊ 1521ರ ಆಗಸ್ಟ್ 13ರಂದು (ಸ್ಪೇನಿನ ದಂಡನಾಯಕ) ಎರ್ನಾನ್ ಕೊರ್ತೆಸನ ಕೈಗೆ ಬಿತ್ತು, ಅದು ಗೆಲುವೂ ಅಲ್ಲ, ಸೋಲೂ ಅಲ್ಲ, ಇಂದಿನ ಮೆಕ್ಸಿಕೊ ಆಗಿರುವ ಮಿಶ್ರ ಜನಾಂಗದ ನೋವಿನ ಹುಟ್ಟು.

ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುವುದೇ ವೃತ್ತಿಯಾಗಿರುವ ನನ್ನನ್ನು ಈ ವಾಕ್ಯ ಬಹಳ ದಿನಗಳಿಂದ ಕಾಡುತ್ತಿದೆ. ಲೋಟ ಒಡೆದ ಮಗು "ಒಡೆದೆ" ಎನ್ನುವುದಿಲ್ಲ, "ಒಡೆದುಹೋಯಿತು" ಎನ್ನುತ್ತದೆ. ಮಗುವಿನ ಆ ಮಾತನ್ನು ಹೆದರಿಕೆಯೆಂದು ಮನ್ನಿಸಬಹುದು. ಪ್ರಭುತ್ವವೊಂದು ಅದೇ ವ್ಯಾಕರಣವನ್ನು ಕಲ್ಲಿನಲ್ಲಿ ಕೆತ್ತಿಸಿದಾಗ ಮನ್ನಿಸಲಾಗದು. ಮೆಕ್ಸಿಕೊದ ನಿರಂಕುಶ ಆಳ್ವಿಕೆಗಳು ಮತ್ತೆಮತ್ತೆ ಕರ್ತೃವಿಲ್ಲದ ವಾಕ್ಯದ ಮರೆಯಲ್ಲಿ ನಿಂತವು ಎಂದೂ, ಅಲ್ಲಿನ ಪ್ರತಿರೋಧದ ದೊಡ್ಡ ಪಾಲು ಆ ವಾಕ್ಯಕ್ಕೆ ಕರ್ತೃವನ್ನು ಮರಳಿ ಕೂಡಿಸುವ ಕೆಲಸವಾಗಿತ್ತು ಎಂದೂ ನಾನು ನಂಬುತ್ತೇನೆ.

ಫಲಕದ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೊರ್ತೆಸನ ಬಳಿ ಇದ್ದ ಸ್ಪೇನಿನವರು ಸಾವಿರಕ್ಕೂ ಕಡಿಮೆ. ತ್ಲಾತೆಲೋಲ್ಕೊಗೆ ತಾಗಿಕೊಂಡಿದ್ದ ಮೆಶಿಕಾ ರಾಜಧಾನಿ ತೆನೋಚ್ತಿತ್ಲಾನ್ ನಗರವನ್ನು ಮುತ್ತಿದ ದಂಡಿನಲ್ಲಿ ಹೆಚ್ಚಿನವರು ತ್ಲಾಸ್ಕಾಲಾ ಮೊದಲಾದ ಸೀಮೆಗಳ ಸ್ಥಳೀಯ ಯೋಧರು. ಮೆಶಿಕಾ ಅರಸರಿಗೆ ಕಪ್ಪ ತೆತ್ತೋ, ಅವರೊಡನೆ ಕಾದಾಡಿಯೋ ಬೇಸತ್ತಿದ್ದ ಈ ಜನರ ಸಿಟ್ಟಿಗೆ ಕಾರಣಗಳಿದ್ದವು. ಆದ್ದರಿಂದ ಯುರೋಪಿನವರು ಗೆದ್ದರು, ಸ್ಥಳೀಯರು ಸೋತರು ಎಂಬ ಸರಳ ಕಥೆ ನಿಲ್ಲುವುದಿಲ್ಲ. ಆದರೆ ಸರಳ ಕಥೆಯನ್ನು ಒಪ್ಪದಿರುವುದಕ್ಕೂ ಸೋಲನ್ನೇ ಅಳಿಸಿಹಾಕುವುದಕ್ಕೂ ಬಹಳ ಅಂತರವಿದೆ. ಸರೋವರದ ನಡುವಿನ ಆ ನಗರಕ್ಕೆ ಚಪುಲ್ತೆಪೆಕ್‌ನಿಂದ ಸಿಹಿನೀರು ತರುತ್ತಿದ್ದ ಕಾಲುವೆಯನ್ನು ಕಡಿದರು. 13 ಯುದ್ಧನೌಕೆಗಳನ್ನು ಕಟ್ಟಿಸಿ ಸರೋವರಕ್ಕೆ ಇಳಿಸಿದರು. ಹಿಂದಿನ ವರ್ಷವೇ ಸಿಡುಬು ಊರೊಳಗೆ ಹೊಕ್ಕು ಹೊಸ ಅರಸ ಕ್ವಿತ್ಲಾವಾಕನನ್ನೂ ಕೊಂದಿತ್ತು. ಎರಡೂವರೆ ತಿಂಗಳ ಮುತ್ತಿಗೆಯಲ್ಲಿ ಜನ ಹಲ್ಲಿ, ಹುಲ್ಲು, ಚರ್ಮ ತಿಂದು ಬದುಕಿದರು. ಕೊನೆಯ ಅರಸ ಕ್ವಾವ್ತೆಮೋಕ್ ಸೆರೆಸಿಕ್ಕ ಮೇಲೆ ಚಿನ್ನ ಎಲ್ಲಿದೆಯೆಂದು ಕೇಳುತ್ತ ಅವನ ಪಾದಗಳನ್ನು ಸುಟ್ಟರು, 1525ರಲ್ಲಿ ನೇಣಿಗೇರಿಸಿದರು. ಆ ಜನರ ಪಾಲಿಗೆ ಅದು ಸೋಲು.

ಹಾಗೆಂದು ಬರೆದಿಟ್ಟವರೂ ಅವರೇ. 1536ರಲ್ಲಿ ಇದೇ ತ್ಲಾತೆಲೋಲ್ಕೊದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಸ್ಥಳೀಯ ಕುಲೀನ ಮನೆತನದ ಹುಡುಗರಿಗಾಗಿ ಒಂದು ವಿದ್ಯಾಲಯ ತೆರೆದರು. ಅಲ್ಲಿ ಲ್ಯಾಟಿನ್ ಕಲಿತವರು ಬೆರ್ನಾರ್ದಿನೊ ದೆ ಸಾಹಗೂನ್ ಎಂಬ ಪಾದ್ರಿಯೊಡನೆ ಕೂತು, ಹಿರಿಯರ ನೆನಪುಗಳನ್ನು ತಮ್ಮ ನಾವಾತ್ಲ್ ಭಾಷೆಯಲ್ಲಿಯೇ ದಾಖಲಿಸಿದರು. ಇಂದು ಫ್ಲಾರೆನ್ಸಿನಲ್ಲಿರುವ 12 ಭಾಗಗಳ ಆ ಹಸ್ತಪ್ರತಿಯ ಕೊನೆಯ ಭಾಗ ದಂಡಯಾತ್ರೆಯ ಕಥೆ. 1520ರ ತೋಶ್ಕಾತ್ಲ್ ಹಬ್ಬದಲ್ಲಿ, ಕುಣಿಯುತ್ತಿದ್ದವರು ತಪ್ಪಿಸಿಕೊಳ್ಳದಂತೆ ಸ್ಪೇನಿನ ಸೈನಿಕರು ಬಾಗಿಲುಗಳನ್ನು ಮುಚ್ಚಿದರು, ಡೋಲು ಬಾರಿಸುತ್ತಿದ್ದವನ ಕೈಗಳನ್ನು ಕತ್ತರಿಸಿದರು ಎಂದು ಅಲ್ಲಿ ಬರೆದಿದೆ. ಮುಚ್ಚಿದರು, ಕತ್ತರಿಸಿದರು. ಗೆದ್ದವರ ಲಿಪಿಯನ್ನು ಕಲಿತು, ಗೆದ್ದವರು ಮಾಡಿದ್ದನ್ನು ಅವರು ಮಾಡಿದರೆಂದೇ ಬರೆದ ಆ ಹುಡುಗರನ್ನು ಮೆಕ್ಸಿಕೊದ ಮೊದಲ ಪ್ರತಿರೋಧಿಗಳ ಸಾಲಿನಲ್ಲಿ ಇಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಸ್ವಾತಂತ್ರ್ಯದ ನಂತರವೂ ದಂಡಯಾತ್ರೆ ನಿಲ್ಲಲಿಲ್ಲ. 1876ರಿಂದ 1911ರವರೆಗೆ, ನಡುವಿನ ನಾಲ್ಕು ವರ್ಷಗಳನ್ನು ಬಿಟ್ಟರೆ, ಅಧ್ಯಕ್ಷನಾಗಿ ಕೂತ ಪೊರ್ಫಿರಿಯೊ ದಿಯಾಸ್ ಮರುಆಯ್ಕೆ ಕೂಡದೆಂಬ ಘೋಷಣೆಯೊಂದಿಗೇ ಅಧಿಕಾರಕ್ಕೆ ಬಂದವನು. ಅವನ ಕಾಲದಲ್ಲಿ ಸೊನೋರಾದ ಯಾಕಿ ಜನರನ್ನು ಅವರ ನದೀಕಣಿವೆಯಿಂದ ಕಿತ್ತು, ದೇಶದ ಇನ್ನೊಂದು ತುದಿಯ ಯುಕತಾನಿನ ಕತ್ತಾಳೆ ತೋಟಗಳಿಗೆ ಜೀತಕ್ಕೆ ಸಾಗಿಸಿದರು. ಆಡಳಿತ ಅದನ್ನೆಲ್ಲ ಸುವ್ಯವಸ್ಥೆ, ಪ್ರಗತಿ ಎಂದು ಕರೆಯಿತು. ಅವನನ್ನು ಉರುಳಿಸಿದ ಕ್ರಾಂತಿಯ ಹೆಸರನ್ನೇ ಹೊತ್ತ ಪಕ್ಷ 1929ರಿಂದ 2000ದವರೆಗೆ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಡಲಿಲ್ಲ. ತ್ಲಾತೆಲೋಲ್ಕೊದ ಆ ಚೌಕವನ್ನೂ ವಸತಿ ಸಮುಚ್ಚಯವನ್ನೂ 1964ರಲ್ಲಿ ಉದ್ಘಾಟಿಸಿದ್ದು ಆ ಪಕ್ಷದ ಸರ್ಕಾರ.

ನಾಲ್ಕೇ ವರ್ಷಗಳ ಮೇಲೆ, 1968ರ ಅಕ್ಟೋಬರ್ 2ರ ಸಂಜೆ, ಒಲಿಂಪಿಕ್ಸ್‌ಗೆ ಹತ್ತು ದಿನವಿರುವಾಗ, ವಿದ್ಯಾರ್ಥಿಗಳು ಅದೇ ಚೌಕದಲ್ಲಿ ಸಭೆ ಸೇರಿದ್ದರು. ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿ, ಭಿನ್ನಮತವನ್ನು ಅಪರಾಧವಾಗಿಸುವ ದಂಡಸಂಹಿತೆಯ ಕಲಮುಗಳನ್ನು ರದ್ದುಮಾಡಿ, ಗಲಭೆ ನಿಗ್ರಹ ಪೊಲೀಸ್ ಪಡೆಯನ್ನು ವಿಸರ್ಜಿಸಿ ಎಂಬಂಥ ಆರು ಬೇಡಿಕೆಗಳು ಅವರವು. ಆರು ಗಂಟೆಯ ಸುಮಾರಿಗೆ ಆಕಾಶದಲ್ಲಿ ಸಂಕೇತದ ಬೆಳಕು ಹತ್ತಿತು, ಗುಂಡು ಹಾರತೊಡಗಿದವು. ಎಡಗೈಗೆ ಬಿಳಿ ಗವಸು ತೊಟ್ಟ, ಸಾದಾ ಉಡುಪಿನ, ಒಲಿಂಪಿಯಾ ಎಂಬ ಸೇನಾ ತುಕಡಿಯವರು ಚಿವಾವಾ ಕಟ್ಟಡದಲ್ಲಿದ್ದ ನಾಯಕರನ್ನು ಹಿಡಿದರು. ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಕೆಲವು ಹತ್ತುಗಳನ್ನು ದಾಟಲಿಲ್ಲ. ಬೇರೆಯವರ ಅಂದಾಜು 300ರವರೆಗೂ ಹೋಗುತ್ತದೆ. ವಿದ್ಯಾರ್ಥಿಗಳ ಕಡೆಯಿಂದಲೇ ಮೊದಲು ಗುಂಡು ಬಂತು ಎಂದು ಸರ್ಕಾರ ಹೇಳಿತು. ಸುತ್ತಲಿನ ಕಟ್ಟಡಗಳಲ್ಲಿ ಅಧ್ಯಕ್ಷರ ಕಾವಲು ಪಡೆಯ ಬಂದೂಕುಧಾರಿಗಳನ್ನು ನಿಲ್ಲಿಸಲಾಗಿತ್ತು ಎಂಬುದು ಅಂದಿನ ರಕ್ಷಣಾ ಮಂತ್ರಿಯ ಕಾಗದಗಳು 1999ರಲ್ಲಿ ಪ್ರಕಟವಾದಾಗ ತಿಳಿಯಿತು. ನಮ್ಮ ಪತ್ರಿಕೆಗಳೂ ಇಂಥದ್ದನ್ನು "ಗೋಲಿಬಾರ್ ಆಯಿತು" ಎಂದೇ ಬರೆಯುತ್ತವೆ. ಆ "ಆಯಿತು" ಎಷ್ಟು ಜನರಿಗೆ ಆಸರೆ ಕೊಟ್ಟಿದೆಯೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಆಗ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ ಒಕ್ತಾವಿಯೊ ಪಾಸ್ ಈ ಹತ್ಯಾಕಾಂಡವನ್ನು ಪ್ರತಿಭಟಿಸಿ ಹುದ್ದೆ ತೊರೆದರು. ಅಂದಿನ ಗೃಹಮಂತ್ರಿ ಲೂಯಿಸ್ ಎಚೆವೆರ್ರಿಯಾ ಮಾತ್ರ ಎರಡೇ ವರ್ಷಗಳಲ್ಲಿ ದೇಶದ ಅಧ್ಯಕ್ಷನಾದ. ಮುಂದೆ ನರಮೇಧದ ಆರೋಪ ಎದುರಿಸಿದರೂ ಶಿಕ್ಷೆಯಿಲ್ಲದೆ, 2022ರಲ್ಲಿ ನೂರು ವರ್ಷದವನಾಗಿ ತೀರಿಕೊಂಡ.

1993ರಲ್ಲಿ, ಘಟನೆಗೆ 25 ವರ್ಷ ತುಂಬಿದಾಗ, ಚೌಕದಲ್ಲಿ ಇನ್ನೊಂದು ಕಲ್ಲನ್ನು ನಿಲ್ಲಿಸಿದರು. ಅದರ ಮೇಲೆ ಮಡಿದ 20 ಜನರ ಹೆಸರು ಮತ್ತು ವಯಸ್ಸು ಇವೆ. 19 ವರ್ಷದ ಹುಡುಗನೊಬ್ಬನ ಹೆಸರು ಕ್ವಿತ್ಲಾವಾಕ್. ಸಿಡುಬಿನಿಂದ ಸತ್ತ ಅರಸನ ಹೆಸರು. ಪಟ್ಟಿಯ ಕೊನೆಗೆ, "ಇನ್ನೂ ನಾವು ಹೆಸರು, ವಯಸ್ಸು ಅರಿಯದ ಅನೇಕ ಸಂಗಾತಿಗಳು" ಎಂದಿದೆ. ಮೊದಲ ಫಲಕದಲ್ಲಿ ಒಂದು ಜನಾಂಗದ ಹುಟ್ಟಿನ ಮಾತಿದೆ. ಸತ್ತವರಲ್ಲಿ ಒಬ್ಬನ ವಯಸ್ಸೂ ಇಲ್ಲ.

2024ರ ಅಕ್ಟೋಬರ್ 2ರಂದು, ಅಧಿಕಾರ ವಹಿಸಿಕೊಂಡ ಮರುದಿನ, ಅಧ್ಯಕ್ಷೆ ಕ್ಲಾದಿಯಾ ಶೇನ್‌ಬಾಮ್ ಪ್ರಭುತ್ವದ ಪರವಾಗಿ ಕ್ಷಮೆ ಕೇಳಿ, ಈ ಮಾನವತೆಯ ವಿರುದ್ಧದ ಅಪರಾಧಕ್ಕೆ ಆಜ್ಞೆ ಕೊಟ್ಟವನು ಅಂದಿನ ಅಧ್ಯಕ್ಷ ಗುಸ್ತಾವೊ ದಿಯಾಸ್ ಓರ್ದಾಸ್ ಎಂದು ಹೆಸರಿಟ್ಟು ಹೇಳಿದರು. ವಾಕ್ಯಕ್ಕೆ ಕರ್ತೃ ಸೇರಲು 56 ವರ್ಷ ಬೇಕಾಯಿತು. ನಾನು ಆ ಮಾತನ್ನು ಗೌರವಿಸುತ್ತೇನೆ; ಆದರೆ ಅದು ಸಾಕೆನ್ನಲು ನನ್ನಿಂದಾಗದು. 2014ರ ಸೆಪ್ಟೆಂಬರ್ 26ರ ರಾತ್ರಿ ಇಗ್ವಾಲಾ ಪಟ್ಟಣದಲ್ಲಿ ಅಯೋತ್ಸಿನಾಪಾ ಶಿಕ್ಷಕರ ತರಬೇತಿ ಶಾಲೆಯ ವಿದ್ಯಾರ್ಥಿಗಳು ಬಸ್ಸುಗಳನ್ನು ಒಟ್ಟುಮಾಡುತ್ತಿದ್ದುದು ಅಕ್ಟೋಬರ್ 2ರ ಸ್ಮರಣೆಯ ಮೆರವಣಿಗೆಗೆ ಹೋಗಲೆಂದೇ. ಅವರಲ್ಲಿ 43 ಜನ "ಕಾಣೆಯಾದರು" ಎಂದು ಸುದ್ದಿ ಬರೆಯುವವರು ಇಂದಿಗೂ ಬರೆಯುತ್ತಾರೆ. ತಂದೆತಾಯಿಗಳು ಹಾಗೆ ಹೇಳುವುದಿಲ್ಲ. ಬೀದಿಯಲ್ಲಿ ನಡೆಯುತ್ತ ಅವರು ಒಂದರಿಂದ 43ರವರೆಗೆ ಎಣಿಸುತ್ತಾರೆ, ಆಮೇಲೆ ಕೂಗುತ್ತಾರೆ: "ಜೀವಂತ ಒಯ್ದರು, ಜೀವಂತವೇ ನಮಗೆ ಬೇಕು."