ಸತ್ಯಾಂಶ: ಕಷಾಯ ಕುಡಿದರೆ ಬಸುರಿಗೆ ತಪಾಸಣೆ ಬೇಡವೇ?

ಕೊರೊನಾ ಕಾಲದ ಈ ಫಾರ್ವರ್ಡ್ ನೆನಪಿದೆಯಾ? ‘ಬಸುರಿಯರು ದಿನಕ್ಕೆ ಮೂರು ಲೋಟ ಕಷಾಯ ಕುಡಿದರೆ ಸಾಕು, ಸೋಂಕು ಹತ್ತಿರ ಸುಳಿಯಲ್ಲ. ಆಸ್ಪತ್ರೆ ಕಡೆ ಹೋಗಲೇಬೇಡಿ.’

ಕಷಾಯ ವೈರಸ್ ತಡೆಯುವುದಿಲ್ಲ. ಒಂದು ಲೋಟ ಜೀರಿಗೆ ಕಷಾಯ ಗಂಟಲಿಗೆ ಹಿತ, ಅದಕ್ಕೆ ತಕರಾರಿಲ್ಲ. ಆದರೆ ಕಷಾಯಕ್ಕೆ ಹಾಕುವ ಅತಿಮಧುರದ ಬೇರು (ಜ್ಯೇಷ್ಠಮಧು) ಜಾಸ್ತಿಯಾದರೆ ಬಿಪಿ ಏರಬಹುದು.

ನಿಜವಾದ ಅಪಾಯ ಇರುವುದು ಎರಡನೇ ಮಾತಿನಲ್ಲಿ. ಬಸುರಿಯ ಬಿಪಿ ಏರಿದರೂ ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ. ಕೈಗೆ ಪಟ್ಟಿ ಸುತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಬರೆಯಲು ಸುಮ್ನೆ ಜಾಗ ಬಿಟ್ಟಿಲ್ಲ, ಅಲ್ವಾ?

ಕಬ್ಬಿಣದ ಮಾತ್ರೆಯನ್ನೂ ಆಗ ಅನೇಕರು ಬಿಟ್ಟರು. ಅದು ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕನಿಷ್ಠ 180 ದಿನ. ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ.

2020ರ ಲಾಕ್‌ಡೌನ್‌ನಲ್ಲೂ ಹೆರಿಗೆ, ಬಸುರಿಯರ ತಪಾಸಣೆ ಅಗತ್ಯ ಸೇವೆಗಳೇ ಆಗಿದ್ದವು. ಬಸ್ ಇರಲಿಲ್ಲ, ಹೆದರಿಕೆಯೂ ಇತ್ತು, ಅದು ಬೇರೆ ಮಾತು. ಕೊರೊನಾ ಲಸಿಕೆಗಂತೂ 2021ರ ಜುಲೈ 2ರಂದೇ ಕೇಂದ್ರ ಸರ್ಕಾರ ಗರ್ಭಿಣಿಯರಿಗೂ ಅನುಮತಿ ಕೊಟ್ಟಿತು.